ಮಾರಿಷಸ್ ಹೊರಟಿದ್ದೇವೆ: ಲೆ ಮೋರ್ನ್ ಬೆಟ್ಟ ನೋಡಿದವರು ಯಾರಾದರೂ ಇದ್ದೀರಾ?

ಮಲ್ಲೇಶ್ವರದ ಮೈನಾ · ಮೇ 4, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜೂನ್ ಎರಡನೇ ವಾರ ಮಾರಿಷಸ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ಅತ್ತೆಗೆ 68. ಮೊಣಕಾಲು ನೋವು ಒಂದು ಬಿಟ್ಟರೆ ನನಗಿಂತ ಗಟ್ಟಿ. ಒಟ್ಟು ಏಳು ರಾತ್ರಿ.

ಟ್ರಾವೆಲ್ಸ್‌ನವರು ಪಟ್ಟಿ ಕಳಿಸಿದ್ದಾರೆ. ಗಂಗಾ ತಲಾವ್, ಶಾಮರೆಲ್‌ನ ಏಳು ಬಣ್ಣದ ಮಣ್ಣು, ಒಂದು ದಿನ ದೋಣಿ, ಒಂದು ದಿನ ಶಾಪಿಂಗ್, ಒಂದು ರಾತ್ರಿ 'ಸೆಗಾ ಡಾನ್ಸ್ ಮತ್ತು ಬಫೆ'. ಎಲ್ಲಾ ಸರಿ. ಆದರೆ ನನಗೆ ನೋಡಬೇಕಿರುವುದು ಲೆ ಮೋರ್ನ್ ಬೆಟ್ಟ. ತಪ್ಪಿಸಿಕೊಂಡು ಓಡಿದ ಆಫ್ರಿಕನ್ ಗುಲಾಮರು ಅಡಗಿದ್ದ ಜಾಗ ಅಂತ ಎಲ್ಲೋ ಓದಿದ್ದೆ. ಅವತ್ತಿನಿಂದ ತಲೆಯಲ್ಲಿ ಕೂತಿದೆ. ಕೇಳಿದರೆ 'ಮೇಡಂ, ಬೋಟ್‌ನಿಂದಲೇ ಕಾಣುತ್ತೆ, ಫೋಟೋ ಚೆನ್ನಾಗಿ ಬರುತ್ತೆ' ಅಂದರು.

ಫೋಟೋ ಯಾರಿಗೆ ಬೇಕು? ಅಲ್ಲಿನ ಆಫ್ರಿಕಾ ಮೂಲದವರ ಕಥೆ ತಿಳಿಯಬೇಕು ಅಂದರೆ ಎಲ್ಲಿಗೆ ಹೋಗಬೇಕು? ಅತ್ತೆಯನ್ನು ಕರೆದುಕೊಂಡು ಎಷ್ಟು ದೂರ ಹತ್ತಬಹುದು? ಆ ಸೆಗಾ ರಾತ್ರಿಗೆ ದುಡ್ಡು ಕೊಡಬೇಕಾ, ಬಿಡಬೇಕಾ?

ಬಜೆಟ್ ಭೀಮ · ಮೇ 4, ರಾತ್ರಿ 10:12

ಅಕ್ಕ, ಅಷ್ಟು ದುಡ್ಡು ಸುರಿದು ಸಮುದ್ರಕ್ಕೆ ಹೋಗಿ ಬೆಟ್ಟ ಹತ್ತೋದಾ? ಅದಕ್ಕೆ ನಮ್ಮ ಮುಳ್ಳಯ್ಯನಗಿರಿ ಇಲ್ವಾ?

ಇರಲಿ, ಕೆಲಸಕ್ಕೆ ಬರೋದು ಹೇಳ್ತೀನಿ. ನಮ್ಮ ಪಾಸ್‌ಪೋರ್ಟ್‌ಗೆ ಮೊದಲೇ ವೀಸಾ ಮಾಡಿಸಬೇಕಿಲ್ಲ. ಆದರೆ ಹೊರಡುವ ಮುಂಚೆ ಆನ್‌ಲೈನ್ ಫಾರ್ಮ್ ತುಂಬಲೇಬೇಕು, ಮರೀಬೇಡಿ. ಅಲ್ಲೂ ರೂಪಾಯಿಯೇ, ಅವರ ಒಂದು ರೂಪಾಯಿಗೆ ನಮ್ಮದು ಸುಮಾರು ಎರಡು. ಗಡಿಯಾರ ಒಂದೂವರೆ ಗಂಟೆ ಹಿಂದೆ. ಜೂನ್ ಅಲ್ಲಿ ಚಳಿಗಾಲ, ಗಾಳಿ ಜೋರು. ಸ್ವೆಟರ್ ಇಟ್ಟುಕೊಳ್ಳಿ. ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ, ಅದನ್ನು ತಪ್ಪಿಸಿದ್ದೀರಿ, ಒಳ್ಳೇದಾಯ್ತು.

ಕಡಲಕಾಗೆ · ಮೇ 5, ಬೆಳಿಗ್ಗೆ 6:55

ಮೈನಾ ಅವರೇ, ನಾನು ರಾಜಧಾನಿ ಪೋರ್ಟ್ ಲೂಯಿಯಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದೆ. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯ್ತು. ನಮ್ಮವರು ಅಲ್ಲಿ ಇಳಿದ ತಕ್ಷಣ ಮಾಡುವುದು ಒಂದೇ ಕೆಲಸ: 'ಅಯ್ಯೋ, ಎಲ್ಲಾ ನಮ್ಮವರೇ!' ಅಂತ ಹಿಗ್ಗುವುದು. ನಾನೂ ಮೊದಲ ವರ್ಷವೆಲ್ಲಾ ಅದನ್ನೇ ಮಾಡಿದೆ. ದೇವಸ್ಥಾನ, ದಾಲ್ ಪುರಿ, ನೋಟಿನ ಮೇಲೆ ತಮಿಳು ಅಕ್ಷರ. ನಮ್ಮವರಿಗಿಂತ ಮೊದಲೇ ಬಂದು ಆ ಕಾಡು ಕಡಿದವರು ಯಾರು ಅಂತ ಕೇಳಿದ್ದು ಆಮೇಲೆ.

ಪೋರ್ಟ್ ಲೂಯಿಗೆ ಒಂದು ಪೂರ್ತಿ ದಿನ ಇಡಿ. ಬಂದರಿನ ಪಕ್ಕದಲ್ಲೇ ಆಪ್ರವಾಸಿ ಘಾಟ್. ಗುಲಾಮಗಿರಿ ರದ್ದಾದ ಮೇಲೆ ಕರಾರಿನ ಮೇಲೆ ಕಬ್ಬಿನ ಗದ್ದೆಗೆ ಬಂದ ನಮ್ಮ ಕೂಲಿಗಳು ಹತ್ತಿದ ಹದಿನಾರು ಕಲ್ಲಿನ ಮೆಟ್ಟಿಲು ಅಲ್ಲಿದೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಗುಲಾಮಗಿರಿಯ ಮ್ಯೂಸಿಯಂ, 2023ರಲ್ಲಿ ತೆರೆದದ್ದು. ಫ್ರೆಂಚರ ಕಾಲದ ಮಿಲಿಟರಿ ಆಸ್ಪತ್ರೆಯ ಕಟ್ಟಡ. ಮೊದಲಿನದಕ್ಕೆ ಬಸ್ ತುಂಬಾ ನಮ್ಮವರು ಇಳಿಯುತ್ತಾರೆ. ಎರಡನೆಯದಕ್ಕೆ ಕಾಲಿಡುವವರು ಕಮ್ಮಿ. ನೀವು ಎರಡೂ ನೋಡಿ, ಒಂದೇ ದಿನ ನೋಡಿ.

ಲೆ ಮೋರ್ನ್ ನೈಋತ್ಯ ಮೂಲೆಯಲ್ಲಿದೆ. ಎತ್ತರ 556 ಮೀಟರ್, ಆದರೆ ಸಮುದ್ರದ ಅಂಚಿನಿಂದ ಸೀದಾ ಎದ್ದು ನಿಂತಿರುವುದರಿಂದ ಇನ್ನೂ ದೊಡ್ಡದಾಗಿ ಕಾಣುತ್ತದೆ. ದಾರಿಯ ಮೊದಲ ಅರ್ಧ ಅಗಲವಾದ ಮಣ್ಣಿನ ರಸ್ತೆ, ಯಾರು ಬೇಕಾದರೂ ನಡೆಯಬಹುದು. ಆಮೇಲೆ ಬಂಡೆ, ಕೈ ಊರಿ ಹತ್ತಬೇಕು, ಕೆಲವು ಕಡೆ ಹಗ್ಗ. ಅತ್ತೆಯವರಿಗೆ ಬೇಡ. ಬೆಟ್ಟದ ಬುಡದಲ್ಲಿ ಸ್ಮಾರಕ ಇದೆ. ಗುಲಾಮರ ದಾರಿಯ ನೆನಪಿಗೆ ಬೇರೆ ಬೇರೆ ದೇಶದ ಶಿಲ್ಪಿಗಳು ಕೆತ್ತಿದ ಕಲ್ಲುಗಳು. ಅವರು ಅಲ್ಲಿ ಕೂರಲಿ. ಬೆಟ್ಟಕ್ಕೆ ಹಳ್ಳಿಯವರನ್ನೇ ಗೈಡ್ ಮಾಡಿಕೊಳ್ಳಿ.

ಸೆಗಾ ವಿಷಯ ಸಂಜೆ ಬರೆಯುತ್ತೇನೆ, ಅದು ಎರಡು ಸಾಲಿನಲ್ಲಿ ಮುಗಿಯುವುದಿಲ್ಲ.

ಇತಿಹಾಸದ ಮೇಷ್ಟ್ರು · ಮೇ 5, ಮಧ್ಯಾಹ್ನ 1:30

ನಿವೃತ್ತ ಮೇಷ್ಟ್ರಿಗೆ ಒಂದು ವಿಷಯ ಸಿಕ್ಕರೆ ಬಿಡುವುದಿಲ್ಲ, ಕ್ಷಮಿಸಿ.

ಈ ದ್ವೀಪದಲ್ಲಿ ಮೂಲನಿವಾಸಿಗಳು ಅಂತ ಯಾರೂ ಇರಲಿಲ್ಲ. ಡಚ್ಚರು 1598ರಲ್ಲಿ ಬಂದರು, 1710ರಲ್ಲಿ ಕೈಬಿಟ್ಟು ಹೋದರು. ಡೋಡೊ ಹಕ್ಕಿಯನ್ನು ಮುಗಿಸಿದ್ದು ಅವರ ಕಾಲದಲ್ಲೇ. 1715ರಲ್ಲಿ ಫ್ರೆಂಚರು, 1810ರಲ್ಲಿ ಬ್ರಿಟಿಷರು. ಮಡಗಾಸ್ಕರ್‌ನಿಂದ, ಮೊಝಾಂಬಿಕ್ ಕಡೆಯಿಂದ ಹಡಗುಗಟ್ಟಲೆ ಜನರನ್ನು ತಂದರು. ಸ್ವಲ್ಪ ಜನ ಭಾರತದಿಂದಲೂ ಗುಲಾಮರಾಗಿಯೇ ಹೋದರು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1695ರಲ್ಲಿ ಡಚ್ಚರ ಕೋಟೆಗೆ ಬೆಂಕಿ ಇಟ್ಟ ಗುಲಾಮರ ಗುಂಪಿನಲ್ಲಿ ಬಂಗಾಳದ ಅನ್ನಾ ಇದ್ದಳು, ಮಲಬಾರಿನ ಅಂತೋನಿ ಇದ್ದ. ಹೆಸರು ನೋಡಿ. ಊರು ಉಳಿದಿದೆ, ಅಪ್ಪ ಅಮ್ಮ ಇಟ್ಟ ಹೆಸರು ಹೋಗಿದೆ.

ಫ್ರೆಂಚರು 1723ರಲ್ಲಿ ಇಲ್ಲಿಗೆ ತಂದ ಗುಲಾಮ ಕಾನೂನು ಓದಿದರೆ ಊಟ ಸೇರುವುದಿಲ್ಲ. ಗುಲಾಮ ಅಂದರೆ ಚರ ಆಸ್ತಿ, ಮೇಜು ಕುರ್ಚಿಯ ಲೆಕ್ಕ. ಒಂದು ಸಲ ಓಡಿಹೋದರೆ ಕಿವಿ ಕತ್ತರಿಸಿ ಹೆಗಲಿಗೆ ಬರೆ. ಎರಡನೇ ಸಲಕ್ಕೆ ಮಂಡಿಯ ಹಿಂದಿನ ನರ. ಮೂರನೆಯದಕ್ಕೆ ಸಾವು. ಇಷ್ಟಾದರೂ ಓಡಿದರು. ಹಾಗೆ ಓಡಿದವರನ್ನು ಮರೂನ್ ಅನ್ನುತ್ತಾರೆ. ಅವರ ಆಸರೆಗಳಲ್ಲಿ ಲೆ ಮೋರ್ನ್ ಒಂದು.

1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಬಿಡುಗಡೆಯ ಸುದ್ದಿ ಹೇಳಲು ಸಿಪಾಯಿಗಳು ಬೆಟ್ಟ ಹತ್ತಿದರಂತೆ, ಹಿಡಿಯಲು ಬಂದರು ಅಂತ ತಿಳಿದು ಮೇಲಿದ್ದವರೆಲ್ಲಾ ಕೆಳಗೆ ಹಾರಿದರಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಇತಿಹಾಸ ಅಂತ ಹೇಳಲು ಕಾಗದ ಬೇಕು.

ಹೊಸಬ 77 · ಮೇ 5, ಸಂಜೆ 5:05

ಎಲ್ಲಾ ಸರಿ ಮೇಷ್ಟ್ರೇ. ಆದರೆ ನಾನು ಹೋದಾಗ ನಮ್ಮ ಡ್ರೈವರ್ ಹೇಳಿದ್ದು ಬೇರೆ. ಬಿಡುಗಡೆ ಆದ ಮೇಲೆ ಕ್ರಿಯೋಲ್ ಜನ, ಅಂದರೆ ಆಫ್ರಿಕಾ ಮೂಲದವರು, ಕಬ್ಬಿನ ಗದ್ದೆ ಬಿಟ್ಟು ಮೀನು ಹಿಡಿಯುತ್ತಾ ಹಾಡಿಕೊಂಡು ಕೂತರು, ನಮ್ಮವರು ಬಂದು ಬೆವರು ಸುರಿಸಿ ದೇಶ ಕಟ್ಟಿದರು ಅಂತ. ಅದೂ ಸತ್ಯ ಅಲ್ವಾ?

ಕಡಲಕಾಗೆ · ಮೇ 5, ರಾತ್ರಿ 8:20

ಈ ಮಾತು ನಾನೂ ನೂರು ಸಲ ಕೇಳಿದ್ದೇನೆ. ಸೆಗಾ ಬದಿಗಿಟ್ಟು ಮೊದಲು ಇದಕ್ಕೆ ಉತ್ತರ.

ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿತು. ಯಾರಿಗೆ? ಮಾಲೀಕರಿಗೆ. ಮಾರಿಷಸ್ ಒಂದಕ್ಕೇ 20 ಲಕ್ಷ ಪೌಂಡಿಗೂ ಹೆಚ್ಚು. ದುಡಿದವರಿಗೆ ಬಿಡಿಗಾಸಿಲ್ಲ, ತುಂಡು ನೆಲವಿಲ್ಲ. ಅದೂ ಸಾಲದು ಅಂತ 'ತರಬೇತಿ' ಎಂಬ ಹೆಸರಿನಲ್ಲಿ 1839ರವರೆಗೆ ಅದೇ ಮಾಲೀಕರ ಹತ್ತಿರ ಮತ್ತೆ ದುಡಿಸಿದರು. ಹೊಡೆತ ತಿಂದ ಗದ್ದೆಗೇ ವಾಪಸ್ ಹೋಗಿ ದುಡಿ ಅಂದರೆ ನೀವು ಹೋಗುತ್ತಿದ್ದಿರಾ?

ನಮ್ಮವರ ಪಾಡೂ ಸುಖದ್ದಲ್ಲ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕತ್ತರಿಸುತ್ತಿದ್ದರು. ಆದರೆ ಕರಾರು ಇತ್ತು, ಕೂಲಿ ಇತ್ತು. ಹೆಸರು, ಊರು, ದೇವರು, ಭಾಷೆ ಜೊತೆಗೆ ಬಂದವು. ಗುಲಾಮರಾಗಿ ಬಂದವರಿಗೆ ಇದೊಂದೂ ಇರಲಿಲ್ಲ. ಇಬ್ಬರ ಬೆವರನ್ನೂ ಕುಡಿದದ್ದು ಒಂದೇ ಸಕ್ಕರೆ ಕಾರ್ಖಾನೆ. ನಿಮ್ಮ ಡ್ರೈವರ್ ಹೇಳಿದ್ದು ಮಾಲೀಕರು ಹೇಳಿಕೊಟ್ಟ ಪಾಠ.

ಈಗ ಸೆಗಾ. ಹೋಟೆಲಿನಲ್ಲಿ ತೋರಿಸುವುದು ಮಿನುಗುವ ಲಂಗ, ಸ್ಪೀಕರ್, ಕೊನೆಗೆ ನಿಮ್ಮನ್ನೂ ಎಬ್ಬಿಸಿ ಕುಣಿಸುವುದು. ನೋಡಿ, ತಪ್ಪೇನಿಲ್ಲ, ಅವರ ಹೊಟ್ಟೆಪಾಡು. ಆದರೆ ಗುಲಾಮರು ಕಟ್ಟಿದ ಮೂಲ ಸೆಗಾಗೆ ಮೂರೇ ವಾದ್ಯ. ರವಾನ್ ಅಂದರೆ ಆಡಿನ ಚರ್ಮದ ದೊಡ್ಡ ಬಳೆಯಂಥ ಚರ್ಮವಾದ್ಯ. ಮರವಾನ್ ಅಂದರೆ ಕಬ್ಬಿನ ದಂಟಿನ ಚಪ್ಪಟೆ ಪೆಟ್ಟಿಗೆ, ಒಳಗೆ ಬೀಜ, ಅಲ್ಲಾಡಿಸಿದರೆ ಮೊರದಲ್ಲಿ ಕಾಳು ಕೇರಿದ ಸದ್ದು. ಮೂರನೆಯದು ಕಬ್ಬಿಣದ ತ್ರಿಕೋನ. ಕುಣಿಯುವಾಗ ಪಾದ ನೆಲ ಬಿಟ್ಟು ಏಳುವುದಿಲ್ಲ, ಉಜ್ಜುತ್ತಾ ಸರಿಯುತ್ತದೆ. ಕಾಲಿಗೆ ಸಂಕೋಲೆ ಇದ್ದುದರಿಂದ ಹಾಗೆ ಅನ್ನುವವರೂ ಇದ್ದಾರೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹಿಂದೆ ಒಂದು ಕಾಲದಲ್ಲಿ ದೊಡ್ಡ ಮನೆಯವರು, ಚರ್ಚಿನವರು ಇದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರು.

ಭಾನುವಾರ ಸಂಜೆ ಸಾರ್ವಜನಿಕ ಬೀಚಿಗೆ ಹೋಗಿ. ರೆಸಾರ್ಟಿನ ಬೀಚಲ್ಲ. ಊರಿನವರು ಪಾತ್ರೆ ಪಗಡೆ ಸಮೇತ ಬಂದಿರುತ್ತಾರೆ. ಅದೃಷ್ಟ ಇದ್ದರೆ ಕೇಳಲು ಸಿಗುತ್ತದೆ.

ನಿರ್ವಾಹಕ · ಮೇ 5, ರಾತ್ರಿ 9:02

ಒಂದು ಪ್ರತಿಕ್ರಿಯೆ ತೆಗೆದಿದ್ದೇನೆ. ಮೈಬಣ್ಣದ ಜೋಕುಗಳು ಇಲ್ಲಿ ಬೇಡ. ಬರೆದವರಿಗೆ ಗೊತ್ತು.

ಯಲ್ಲಾಪುರದ ಕಾಡುಜೇನು · ಮೇ 6, ರಾತ್ರಿ 11:48

ನಾನು ಇಲ್ಲಿ ಓದುವವನು, ಬರೆಯುವವನಲ್ಲ. ಇವತ್ತು ಬರೆಯೋಣ ಅನಿಸಿತು.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ಈಗಲೂ ನಾವಿದ್ದೇವೆ. ನಮ್ಮಲ್ಲಿ ಹಿಂದೂ ಇದ್ದಾರೆ, ಮುಸ್ಲಿಂ ಇದ್ದಾರೆ, ಕ್ರಿಶ್ಚಿಯನ್ ಇದ್ದಾರೆ. ಮದುವೆಯಲ್ಲಿ ಡಮಾಮಿ ಬಾರಿಸಿದರೆ ಮೂರೂ ಮನೆಯವರು ಕುಣಿಯುತ್ತಾರೆ. ನಮ್ಮನ್ನು ಪರಿಶಿಷ್ಟ ಪಂಗಡ ಅಂತ ಸರ್ಕಾರ ಒಪ್ಪಿದ್ದು 2003ರಲ್ಲಿ.

ಮೇಷ್ಟ್ರು ಕಾಗದ ಕೇಳಿದರು. ಸಿಟ್ಟಿಲ್ಲ ಸರ್, ಆದರೆ ಓಡಿಹೋದವನು ಕಾಗದ ಬರೆದಿಟ್ಟು ಹೋಗುತ್ತಾನಾ? ಕಾಗದ ಇದ್ದದ್ದು ಹಿಡಿಯಲು ಬಂದವನ ಹತ್ತಿರ. ನಮ್ಮಜ್ಜಿಗೆ ಗೊತ್ತಿದ್ದದ್ದು ಇಷ್ಟೇ: 'ನಾವು ಕೆಳಗಿಂದ ಓಡಿ ಬಂದೋರು.' ಯಾವ ಕೆಳಗೆ, ಯಾರಿಂದ, ಯಾವ ಕಾಲ, ಏನೂ ಇಲ್ಲ. ಆ ಒಂದು ವಾಕ್ಯವೇ ನಮ್ಮ ಇತಿಹಾಸ.

ಬೆಂಗಳೂರಿನಲ್ಲಿ ಬಸ್ ಹತ್ತಿದರೆ 'ವಿಚ್ ಕಂಟ್ರಿ' ಅಂತ ಕೇಳುತ್ತಾರೆ. 'ಉತ್ತರ ಕನ್ನಡ ಜಿಲ್ಲೆ ಸರ್' ಅಂತೀನಿ. ಅವರ ಮುಖ ನೋಡಬೇಕು ಆಗ.

ಮೈನಾ ಅಕ್ಕ, ಹೋಗಿ ಬನ್ನಿ. ಬಂದು ಅವರು ಬಾರಿಸುವುದನ್ನು ಸರಿಯಾಗಿ ಬರೆಯಿರಿ. ಬೆಟ್ಟದ ಫೋಟೋ ಎಲ್ಲಾದರೂ ಸಿಗುತ್ತದೆ.

ಇತಿಹಾಸದ ಮೇಷ್ಟ್ರು · ಮೇ 7, ಬೆಳಿಗ್ಗೆ 6:10

ಕಾಡುಜೇನು ಅವರೇ, ಮೂವತ್ತೆರಡು ವರ್ಷ ಪಾಠ ಮಾಡಿದೆ. ಈ ಪ್ರಶ್ನೆಯನ್ನು ಯಾವ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಒಂದು ಸೇರಿಸುತ್ತೇನೆ. ಲೆ ಮೋರ್ನ್ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಬಾಯಿಮಾತಿನ ಪರಂಪರೆಯನ್ನೂ ಆಧಾರವಾಗಿ ಎಣಿಸಿದ್ದಾರೆ. ನನ್ನ ಹಿಂದಿನ ಮಾತನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಿ.

ಮಲ್ಲೇಶ್ವರದ ಮೈನಾ · ಜೂನ್ 24, ರಾತ್ರಿ 10:30

ಬಂದೆವು. ಬಟ್ಟೆ ಒಗೆಯುವುದು ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಬರೆಯಲು ಕೂತಿದ್ದೇನೆ.

ಪೋರ್ಟ್ ಲೂಯಿ ದಿನ ಕಾಗೆಯವರು ಹೇಳಿದಂತೆಯೇ ಮಾಡಿದೆವು. ಘಾಟ್‌ನಲ್ಲಿ ಅತ್ತೆ ಆ ಹದಿನಾರು ಮೆಟ್ಟಿಲ ಮುಂದೆ ಚಪ್ಪಲಿ ಬಿಟ್ಟು ನಿಂತರು. ಮ್ಯೂಸಿಯಂನಲ್ಲಿ ಚಪ್ಪಲಿ ಬಿಡಲಿಲ್ಲ, ಮಾತು ಬಿಟ್ಟರು. ಹೊರಗೆ ಬರುವವರೆಗೆ ಒಂದು ಮಾತಿಲ್ಲ. ಅದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ.

ಮಧ್ಯಾಹ್ನ ಮಾರ್ಕೆಟ್. ಒಬ್ಬ ಕ್ರಿಯೋಲ್ ಹೆಂಗಸು ಸೊಪ್ಪು ಮಾರುತ್ತಿದ್ದರು. ಅಲ್ಲಿ ಸೊಪ್ಪಿಗೆಲ್ಲಾ 'ಬ್ರೆಡ್' ಅಂತಾರೆ, ಪೂರ್ತಿ ಗೊಂದಲ. ಒಂದು ಕಟ್ಟು ತೋರಿಸಿ 'ಬ್ರೆಡ್ ಮುರುಂ' ಅಂದರು. ಅತ್ತೆ ಒಂದು ಎಲೆ ಕಿತ್ತು, ಬೆರಳಲ್ಲಿ ಉಜ್ಜಿ, ಮೂಸಿ, 'ಅಯ್ಯೋ, ನುಗ್ಗೆ ಸೊಪ್ಪು ಕಣೇ' ಅಂದರು. ಮುರುಂ ಅಂದರೆ ತಮಿಳಿನ ಮುರುಂಗೈಯಿಂದ ಹೋದದ್ದಿರಬೇಕು. ಪಕ್ಕದಲ್ಲೇ ಕೆಸುವಿನ ಎಲೆ. ಆಫ್ರಿಕಾ ಮೂಲದ ಅಡುಗೆಮನೆಯಲ್ಲಿ ನಮ್ಮ ಸೊಪ್ಪು, ಅವರು ಮಾಡೋದು ಬೆಳ್ಳುಳ್ಳಿ, ಶುಂಠಿ ಹಾಕಿ ತಿಳಿ ಸಾರು. ಇಬ್ಬರೂ ಭಾಷೆ ಇಲ್ಲದೆ ಹತ್ತು ನಿಮಿಷ ಅಡುಗೆ ಹೇಳಿಕೊಂಡರು. ನಮ್ಮ ಯಜಮಾನರು ಗಾತೊ ಪಿಮಾ ತಿನ್ನುತ್ತಾ ನಿಂತಿದ್ದರು. ಕಡ್ಲೆಬೇಳೆ ವಡೆಯ ಮರಿ ಅದು, ಬಿಸಿ ಇದ್ದಾಗ ಲೆಕ್ಕ ಇಡಲು ಆಗುವುದಿಲ್ಲ.

ಲೆ ಮೋರ್ನ್‌ಗೆ ಹೋದದ್ದು ಗುರುವಾರ. ಅತ್ತೆಯನ್ನು ಸ್ಮಾರಕದ ಹತ್ತಿರ ಗಾಳಿ ಮರದ ನೆರಳಲ್ಲಿ ಕೂರಿಸಿದೆವು. ಸಂಕೋಲೆ, ಕೈ, ಮುಖ ಕೆತ್ತಿದ ಕಲ್ಲುಗಳು, ಆಚೆ ಕಡೆ ನೀಲಿ ನೀರು, ಅದರ ಮೇಲೆ ಗಾಳಿಪಟ ಕಟ್ಟಿಕೊಂಡು ಹಾರುವ ಪ್ರವಾಸಿಗಳು. ನಾವಿಬ್ಬರು ಹಳ್ಳಿಯ ಗೈಡ್ ಜೊತೆ ಹತ್ತಿದೆವು. ಬಂಡೆ ಶುರುವಾಗಿ ಕಾಲು ಗಂಟೆಗೆ ನನ್ನ ಬಲಗಾಲ ಶೂ ಅಡಿ ಕಿತ್ತುಕೊಂಡು ಬಾಯಿ ಬಿಟ್ಟಿತು. ಗೈಡ್ ತಮ್ಮ ಚೀಲದಿಂದ ದಾರ ತೆಗೆದು, ಪಾರ್ಸೆಲ್ ಕಟ್ಟಿದ ಹಾಗೆ ಕಟ್ಟಿದರು. 'ಮೇಲೆ ಬೇಡ, ಇಳಿಯೋಣ' ಅಂದರು. ಅಳು ಬಂತು ನಿಜಕ್ಕೂ. ಯಜಮಾನರೂ ಮುಂದೆ ಹೋಗಲಿಲ್ಲ. ಹಾಗಾಗಿ ಮೇಲಿನ ಶಿಲುಬೆ ನಾನು ನೋಡಿಲ್ಲ, ಸುಳ್ಳು ಹೇಳುವುದಿಲ್ಲ.

ಆ ಬಂಡೆ ಮೇಲೆ ಕೂತು ನೀರು ಕುಡಿಯುವಾಗ ಗೈಡ್ ಹೇಳಿದ್ದನ್ನು ಬರೆಯಬೇಕು. ಅವರ ಮನೆತನದ ಹೆಸರು ಫ್ರೆಂಚಿನ ಒಂದು ತಿಂಗಳ ಹೆಸರು. ಯಾವ ಹಿರಿಯನಿಗೋ ಮಾಲೀಕ ಕ್ಯಾಲೆಂಡರ್ ನೋಡಿ ಇಟ್ಟದ್ದಂತೆ. 'ನಿಮ್ಮವರು ಬಂದಾಗ ಪುಸ್ತಕದಲ್ಲಿ ಹಳ್ಳಿ ಹೆಸರು ಬರೆದರು. ಅವರ ಮೊಮ್ಮಕ್ಕಳು ಈಗ ಆ ಹಳ್ಳಿ ಹುಡುಕಿಕೊಂಡು ಬಿಹಾರಕ್ಕೆ ಹೋಗಿ ಬರುತ್ತಾರೆ. ನಮ್ಮವರಿಗೆ ಮೊಝಾಂಬಿಕ್ ಅಂತ ಬರೆದರು. ಮೊಝಾಂಬಿಕ್ ಎಷ್ಟು ದೊಡ್ಡದು ಗೊತ್ತಾ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾರಿದ ಕಥೆ ನಿಜವಾ ಅಂತ ಕೇಳಬೇಕು ಅಂತ ಮನೆಯಿಂದ ಅಂದುಕೊಂಡು ಹೋಗಿದ್ದೆ. ಕೇಳಲಿಲ್ಲ.

ಹೋಟೆಲಿನ ಸೆಗಾ ನೋಡಿದೆವು. ಚೆನ್ನಾಗಿತ್ತು, ಊಟ ಇನ್ನೂ ಚೆನ್ನಾಗಿತ್ತು. ಅಷ್ಟೇ.

ಭಾನುವಾರದ ಬೀಚ್ ಬೇರೆ. ಮೂರು ಮನೆಯವರು ಸೇರಿದ್ದರು, ಅಡುಗೆ ಮುಗಿದಿತ್ತು. ವಯಸ್ಸಾದವರೊಬ್ಬರು ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚಿ ರವಾನ್ ಹಿಡಿದರು. ಮೊದಲು ತಟ್ಟಿದಾಗ ಒದ್ದೆ ಗೋಣಿಗೆ ಹೊಡೆದ ಹಾಗೆ 'ಧಬ್' ಅಂತ ಸತ್ತ ಸದ್ದು. ಬೆಂಕಿಯ ಮೇಲೆ ನಿಧಾನ ತಿರುಗಿಸುತ್ತಾ ಹೋದರು. ಆಗಾಗ ಚರ್ಮಕ್ಕೆ ಅಂಗೈ ಒತ್ತಿ ಬಿಸಿ ನೋಡುವುದು, ಒಂದು ಬೆರಳಲ್ಲಿ ತಟ್ಟಿ ಕಿವಿಗೊಡುವುದು. ಸದ್ದು ಏರುತ್ತಾ ಬಂತು. ನಮ್ಮ ಅತ್ತೆ ಇದ್ದಲ್ಲಿಂದಲೇ 'ಇನ್ನೂ ಸ್ವಲ್ಪ, ಅಂಚು ಕಾದಿಲ್ಲ' ಅಂದರು! ಅವರ ತವರು ತುಮಕೂರು ಕಡೆ. ಜಾತ್ರೆಗೆ ತಮಟೆ ಕಾಯಿಸುವುದನ್ನು ಚಿಕ್ಕಂದಿನಲ್ಲಿ ನೋಡಿ ನೋಡಿ ಅಭ್ಯಾಸ. ಆ ಹಿರಿಯರಿಗೆ ಕನ್ನಡ ಎಲ್ಲಿಂದ ಅರ್ಥವಾಗಬೇಕು? ಆದರೆ ಅತ್ತೆಯ ಬೆರಳು ಅಂಚು ತೋರಿಸುತ್ತಿತ್ತು. ಅವರು ನಕ್ಕು ಮತ್ತೆ ಬೆಂಕಿಗೆ ಹಿಡಿದರು.

ಆಮೇಲೆ ನಾಲ್ಕು ಹಾಡು. ಹೌದು, ಪಾದ ಏಳುವುದಿಲ್ಲ, ಮರಳಿನಲ್ಲಿ ಎರಡು ಗೆರೆ ಬೀಳುತ್ತದೆ. ವಿಡಿಯೊ ಮಾಡಲಿಲ್ಲ, ಕೇಳಲು ನಾಚಿಕೆಯಾಯ್ತು.

ಕಡಲಕಾಗೆ · ಜೂನ್ 25, ಬೆಳಿಗ್ಗೆ 7:15

ಅಂಚು ಕಾದಿಲ್ಲ ಅಂದ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಒಗಟು ಏನಾದರೂ ಕೇಳಿದರಾ? ಅಲ್ಲಿನ ಕ್ರಿಯೋಲ್ ಭಾಷೆಯಲ್ಲಿ ಒಬ್ಬರು 'ಸಿರಂದಾನ್?' ಅಂದರೆ ಕೂತವರೆಲ್ಲಾ 'ಸಾಂಪೆಕ್!' ಅನ್ನಬೇಕು, ಆಮೇಲೆ ಒಗಟು. 'ದಿಲೊ ದಿಬು', ನಿಂತ ನೀರು, ಏನದು? ಕಬ್ಬು. 'ದಿಲೊ ಪಾಂದಾನ್', ನೇತಾಡುವ ನೀರು?

ಇತಿಹಾಸದ ಮೇಷ್ಟ್ರು · ಜೂನ್ 25, ಬೆಳಿಗ್ಗೆ 8:00

ತೆಂಗಿನಕಾಯಿ. ನಮ್ಮದು ಕೇಳಿ: ಜುಟ್ಟುಂಟು ಪೂಜಾರಿಯಲ್ಲ, ಮೂರು ಕಣ್ಣುಂಟು ಈಶ್ವರನಲ್ಲ.

ಬಜೆಟ್ ಭೀಮ · ಜೂನ್ 25, ಬೆಳಿಗ್ಗೆ 9:33

ಅಕ್ಕ, ಆ ಶೂ ಯಾವುದು ಅಂತ ಖಾಸಗಿಯಾಗಿ ಹೇಳಿ, ತಗೊಳ್ಳೋದು ಬೇಡ. ಮತ್ತೆ ಗೈಡ್‌ಗೆ ಎಷ್ಟು ಕೊಟ್ರಿ? ಸುಮ್ನೆ ಕೇಳಿದೆ.

ಯಲ್ಲಾಪುರದ ಕಾಡುಜೇನು · ಜೂನ್ 25, ರಾತ್ರಿ 11:20

ಅಕ್ಕ, ಎರಡು ಸಲ ಓದಿದೆ. ಮನೆಯಲ್ಲಿ ನಮ್ಮಪ್ಪನಿಗೂ ಓದಿ ಹೇಳಿದೆ. ಅವರದ್ದು ಒಂದೇ ಪ್ರಶ್ನೆ: ಕೋಲಲ್ಲಿ ಬಾರಿಸ್ತಾರಾ, ಕೈಯಲ್ಲಾ?

ಮಲ್ಲೇಶ್ವರದ ಮೈನಾ · ಜೂನ್ 26, ಬೆಳಿಗ್ಗೆ 6:40

ಬರೀ ಕೈಯಲ್ಲಿ. ತೊಡೆಯ ಮೇಲೆ ನಿಲ್ಲಿಸಿಕೊಂಡು, ಒಂದು ಕೈ ಅಂಚಿಗೆ, ಇನ್ನೊಂದು ಕೈ ನಡುವಿಗೆ. ಅಪ್ಪಾಜಿಗೆ ಹೇಳಿ, ಇದು ನನಗೆ ನೆನಪಿದ್ದದ್ದಲ್ಲ, ಅತ್ತೆ ಹೇಳಿದ್ದು. ನಿನ್ನೆಯಿಂದ ಮೊರ ಹಿಡಿದುಕೊಂಡು ಅದೇ ತಾಳ ಹುಡುಕುತ್ತಿದ್ದಾರೆ. ಅಕ್ಕಿ ಆರಿಸಲು ನನಗೆ ಮೊರ ಸಿಗುತ್ತಿಲ್ಲ.